ಯಾದಗಿರಿಯ ಸರ್ಕಾರಿ ಶಾಲೆಗೆ ಮಗಳನ್ನು ಆರನೇ ತರಗತಿಗೆ ಸೇರಿಸಬಹುದೇ?

ವರ್ಗಾವಣೆಯಾಗಿ ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಬರುತ್ತಿರುವ ನೀವು ಕೇಳಿರುವುದು ಎರಡು ಪ್ರಶ್ನೆ: ಇಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕಲಿಕೆ ಹೇಗಿದೆ, ಎಂಥ ಮಕ್ಕಳು ಬರುತ್ತಾರೆ. ಇದೇ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಆರರಿಂದ ಎಂಟನೇ ತರಗತಿಗೆ ಗಣಿತ ಕಲಿಸುತ್ತೇನೆ. ಎರಡನೆಯದನ್ನು ನೀವು ಮುಜುಗರದಿಂದ ಕೇಳಿದಂತಿದೆ. ಮುಜುಗರ ಬೇಡ, ಮೊದಲನೆಯದರ ಉತ್ತರ ಇರುವುದೇ ಅದರಲ್ಲಿ.

ನಿಮ್ಮನ್ನು ಹೆದರಿಸಿರುವ ಅಂಕಿ ಎಸ್‌ಎಸ್‌ಎಲ್‌ಸಿಯದು. 2024ರಲ್ಲಿ ಯಾದಗಿರಿ ಶೇ 50.59 ಫಲಿತಾಂಶ ಪಡೆದು ರಾಜ್ಯಕ್ಕೇ ಕೊನೆಯಾಯಿತು. ಮರುವರ್ಷ ಶೇ 42.43ರೊಂದಿಗೆ ಕಲಬುರಗಿ ಆ ಜಾಗಕ್ಕೆ ಬಂತು. ಯಾದಗಿರಿಯ ಆ ಅಂಕಿ ಖಾಸಗಿ ಶಾಲೆಗಳೂ ಸೇರಿದ ಇಡೀ ಜಿಲ್ಲೆಯ ಸರಾಸರಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು ಇತ್ತು, ರಾಜ್ಯದ್ದು 75. ಮನೆಯಲ್ಲಿ ಹೇಳಿಕೊಡುವವರಿಲ್ಲ ಎಂದು ತಿಳಿದೇ ಪಾಠ ಮಾಡುತ್ತೇನೆ; ಮನೆಗೆಲಸ ಕೊಡುವುದನ್ನು ಬಿಟ್ಟು ವರ್ಷಗಳಾದವು.

ನಮ್ಮ ಮುಖ್ಯೋಪಾಧ್ಯಾಯರ ಕೋಣೆಯಲ್ಲೊಂದು ಕರಿಹಲಗೆಯಿದೆ. ಗಂಡು, ಹೆಣ್ಣು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ, ಇತರೆ ಎಂದು ಬಿಳಿ ಬಣ್ಣದಲ್ಲಿ ಎಳೆದ ಕಲಂಗಳು. ಹುಡುಗಿಯರೇ ಹೆಚ್ಚು: ಕೈಯಲ್ಲಿ ನಾಲ್ಕು ಕಾಸಾದ ಕೂಡಲೇ ಮಗನನ್ನು ಇಂಗ್ಲಿಷ್ ಮಾಧ್ಯಮದ ವ್ಯಾನ್ ಹತ್ತಿಸುತ್ತಾರೆ, ಅಕ್ಕ ಇಲ್ಲೇ ಉಳಿಯುತ್ತಾಳೆ. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ಆದರೆ ಆ ಹಲಗೆ ನೋಡಿ ಅಂಕ ಊಹಿಸಲು ಹೋದರೆ ತಪ್ಪುತ್ತೀರಿ.

ಜೂನ್‌ನಿಂದ ದಸರೆಯವರೆಗೆ ನಮ್ಮದು ಒಳ್ಳೆಯ ಶಾಲೆಯೇ. ಆಮೇಲೆ ಹತ್ತಿಕಾಯಿ ಒಡೆಯುತ್ತದೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಹೊಲದ ಕೆಲಸ ಹೆಚ್ಚಿದೆ. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ಮಗುವಿನ ಕೈಗೂ ಬೆಲೆಯಿದೆ. ತಾಂಡಾದವರು ದೀಪಾವಳಿ ಮುಗಿಸಿ ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಶಾಲೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಹೋಳಿಯವರೆಗೆ ಸಾಲಾಗಿ ಗೈರು. ಒಂದೇ ಜಾತಿ, ಒಂದೇ ಓಣಿಯ ಇಬ್ಬರ ಅಂಕಗಳ ನಡುವೆ ಅಜಗಜಾಂತರ ಕಂಡಾಗಲೆಲ್ಲ ನಾನು ವಿಚಾರಿಸುವುದು ಅಜ್ಜಿಯನ್ನೇ. ಹಲಗೆಯಲ್ಲಿ ಅವಳಿಗೆ ಕಲಂ ಇಲ್ಲ.

ಕಳೆದ ನವೆಂಬರ್‌ನಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಭಿನ್ನರಾಶಿಯ ಕಿರುಪರೀಕ್ಷೆಯಲ್ಲಿ ಎರಡು ಲೆಕ್ಕ ಬರೆದು ಸುಮ್ಮನೆ ಕುಳಿತಿದ್ದಳು. ಗದರಿದೆ. ಬಲಗೈ ಮುಂದೆ ಹಿಡಿದಳು: ಒಣಗಿದ ಹತ್ತಿಕಾಯಿಯ ಚೂಪು ತುದಿಗಳು ಚುಚ್ಚಿ ಉಗುರಿನ ಬುಡ ಸೀಳಿತ್ತು, ಪೆನ್ನು ಒತ್ತಲು ಆಗುತ್ತಿರಲಿಲ್ಲ. ಬಾಯಲ್ಲೇ ಹೇಳು ಎಂದೆ. ಉಳಿದವುಗಳಲ್ಲಿ ಒಂದು ಮಾತ್ರ ತಪ್ಪಿತು. ಬಾಯಲ್ಲಿ ಹೇಳಿದ್ದಕ್ಕೂ ಅಂಕ ಕೊಟ್ಟೆ. ಯಾವ ನಿಯಮದ ಪ್ರಕಾರ ಎಂದು ಕೇಳಬೇಡಿ.

ಆದ್ದರಿಂದ ಶಾಲೆ ನೋಡಲು ಹೋದಾಗ ಫಲಿತಾಂಶ ಕೇಳುವ ಬದಲು, ಹಿಂದಿನ ವರ್ಷ ನವೆಂಬರ್, ಡಿಸೆಂಬರ್‌ನಲ್ಲಿ ಹಾಜರಾತಿ ಹೇಗಿತ್ತು ಎಂದು ಕೇಳಿ. ಮಕ್ಕಳ ಮತ್ತು ಶಿಕ್ಷಕರ ಸಂಖ್ಯೆ ಯು-ಡೈಸ್ ಪ್ಲಸ್ ಎಂಬ ಶಾಲಾ ಮಾಹಿತಿಯ ಸರ್ಕಾರಿ ಜಾಲತಾಣದಲ್ಲೇ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಎಂಟಕ್ಕೆ 35 ಮಕ್ಕಳಿಗೊಬ್ಬ ಶಿಕ್ಷಕರಿರಬೇಕು, ಆದರೆ ಲೆಕ್ಕ ಸರಿಯಿದ್ದೂ ಗಣಿತದವರೇ ಇಲ್ಲದಿರಬಹುದು. ಅತಿಥಿ ಶಿಕ್ಷಕರಿದ್ದರೆ ಯಾವ ತಿಂಗಳು ಬಂದರು ಎಂಬುದನ್ನೂ ವಿಚಾರಿಸಿ.

ನಿಮ್ಮ ಮಗಳು ವರ್ಷವಿಡೀ ಬರುವವಳು, ಮನೆಯಲ್ಲಿ ಓದಿದವರಿದ್ದಾರೆ. ಅವಳ ಕಲಿಕೆ ಕೆಡುತ್ತದೆ ಎಂದು ನನಗನಿಸುವುದಿಲ್ಲ. ಗುಳೆಯಿಂದ ಮರಳಿದವರಿಗಾಗಿ ನಾನು ಹಳೆಯ ಪಾಠಗಳನ್ನು ಮತ್ತೆ ತೆಗೆಯುತ್ತೇನೆ, ಆ ವಾರಗಳಲ್ಲಿ ಅವಳಿಗೆ ಬೇಸರವಾದೀತು. ಅಂಥ ಮಕ್ಕಳನ್ನು ಮರಳಿದವರ ಪಕ್ಕ ಕೂರಿಸಿ ಹೇಳಿಕೊಡಲು ಹಚ್ಚುತ್ತೇನೆ. ಅದು ನಿಮಗೆ ಒಪ್ಪಿಗೆಯಾಗದಿದ್ದರೆ ಪಟ್ಟಣದೊಳಗಿನ ಶಾಲೆ ನೋಡಿ, ಅಲ್ಲಿ ಗುಳೆ ಹೋಗುವವರು ಕಡಿಮೆ.