ಯಾವ ಕಚೇರಿ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಮೊದಲು ಕಚೇರಿ ಇದೆ ಅಂದರೆ ಪಿಟೀಲು ತಗೊಂಡು ಹೊರಡ್ತಿದ್ದೆ. ಈಗ ಕಚೇರಿ ಅಂದರೆ ಫೈಲು, ಮೀಟಿಂಗು." ಇಷ್ಟು ಹೇಳಿ ಅವರು ಸುಮ್ಮನಾದರು. ವಯಸ್ಸು 47. ಇಪ್ಪತ್ತು ವರ್ಷ ವೇದಿಕೆಯಲ್ಲಿ ನುಡಿಸಿದವರು. ಏಳು ವರ್ಷದಿಂದ ಒಂದು ಸಂಗೀತ ಸಂಸ್ಥೆಯ ನಿರ್ದೇಶಕಿ. ಜೊತೆಗೆ ಪಾಠವನ್ನೂ ಹೇಳುತ್ತಾರೆ.

ಆಪ್ತಸಲಹೆಗೆ ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಮಾತಾಡುತ್ತಾ ಬೇರೆಯದೇ ಹೊರಬಂತು. ಒಂದು ದಿನ ಶಿಷ್ಯೆ, "ಮೇಡಂ, ಆ ಸಾಲು ಒಮ್ಮೆ ನುಡಿಸಿ ತೋರಿಸ್ತೀರಾ?" ಅಂದಳಂತೆ. ಇವರು "ಕೈ ನೋವು" ಅಂದುಬಿಟ್ಟರು. ಕೈಗೆ ಏನೂ ಆಗಿರಲಿಲ್ಲ.

ಸಮಯ ಸಿಗದೆ ನುಡಿಸುವುದು ನಿಂತಿತು ಅಂತ ಅವರು ನಂಬಿದ್ದರು. ಅದು ಅರ್ಧ ನಿಜ. ಕಾರ್ಯಕ್ರಮಗಳಿಗೆ ಕಲಾವಿದರನ್ನು ಆರಿಸುವವರು ಅವರೇ. ತಮ್ಮ ಹೆಸರನ್ನೇ ಹಾಕಿಕೊಳ್ಳಬಾರದೆಂದು ಮೊದಲ ವರ್ಷವೇ ವೇದಿಕೆ ಬಿಟ್ಟರು. ಪ್ರಾಮಾಣಿಕ ನಿರ್ಧಾರ. ಆದರೆ ವೇದಿಕೆಯ ಹಿಂದೆಯೇ ಮನೆಯ ಅಭ್ಯಾಸವೂ ಹೋಯಿತು. ಮತ್ತೆ ಪೆಟ್ಟಿಗೆ ತೆಗೆದಾಗ ಕೈ ಮೊದಲಿನಂತಿರಲಿಲ್ಲ, ಕಿವಿ ಮಾತ್ರ ಹಾಗೇ ಚುರುಕಾಗಿತ್ತು. ತಮ್ಮದೇ ಅಪಸ್ವರ ಕೇಳಲಾಗದೆ ಮುಚ್ಚಿಟ್ಟರು. ಕೈ ಹೋಗಿ ಕಿವಿ ಉಳಿಯುವುದು ದೊಡ್ಡ ನೋವು. ಸಂಗೀತಗಾರರಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

"ಕೆಲಸ ಬಿಟ್ಟುಬಿಡಲಾ?" ಅಂತ ಕೇಳಿದರು. ಮೂರು ತಿಂಗಳು ಆ ತೀರ್ಮಾನ ಬೇಡ ಅಂದೆ. ಪಾಶ್ಚಾತ್ಯ ಸಂಗೀತದ ರಚನೆಕಾರ ಗುಸ್ತಾವ್ ಮಾಲರ್ ಕೂಡ 1897ರಿಂದ 1907ರವರೆಗೆ ವಿಯೆನ್ನಾದ ಒಪೆರಾ (ಸಂಗೀತ ನಾಟಕ) ಸಂಸ್ಥೆ ನಡೆಸಿದರು. ಆ ವರ್ಷಗಳಲ್ಲಿ ಸಿಂಫನಿ, ಅಂದರೆ ವಾದ್ಯವೃಂದದ ದೊಡ್ಡ ಕೃತಿಗಳನ್ನು, ಬರೆದದ್ದು ಹೆಚ್ಚಾಗಿ ಬೇಸಿಗೆ ರಜೆಯಲ್ಲಿ, ಅದಕ್ಕೆಂದೇ ಕಟ್ಟಿಸಿಕೊಂಡ ಪುಟ್ಟ ಮನೆಯಲ್ಲಿ ಒಬ್ಬರೇ ಕೂತು. "ನಿಮಗೆ ಅಂಥ ಜಾಗ ಎಲ್ಲಿದೆ?" ಅಂದೆ. ಉತ್ತರ ಬರಲಿಲ್ಲ.

ಹಾಗಾಗಿ ಮೊದಲ ಸಲಹೆ ಅದೇ. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಹದಿನೈದು ನಿಮಿಷ, ಬಾಗಿಲು ಹಾಕಿಕೊಂಡು. ಒಮ್ಮೆಗೇ ಜಾಸ್ತಿ ನುಡಿಸಿದರೆ ಸ್ನಾಯುಗಳಿಗೆ ಪೆಟ್ಟಾಗಬಹುದು. ವೇದಿಕೆಯಲ್ಲಿ ನುಡಿಸಿದ್ದನ್ನು ಸದ್ಯ ಮುಟ್ಟಬೇಡಿ, ಹೊಸದೊಂದನ್ನು ಕಲಿಯಿರಿ. ಹೋಲಿಸಿ ನೋಡಲು ಹಳೆಯ ನೆನಪೇ ಇರುವುದಿಲ್ಲ, ಅಲ್ವಾ? ಕಲಾವಿದರ ಆಯ್ಕೆಯನ್ನು ಮೂವರ ಸಮಿತಿಗೆ ಬಿಡಿ, ನೀವು ಅದರಲ್ಲಿರಬೇಡಿ. ನುಡಿಸುವುದಾದರೆ ಬೇರೆ ಸಂಸ್ಥೆಯ ವೇದಿಕೆಯಲ್ಲಿ ನುಡಿಸಿ. ಶಿಷ್ಯೆಗೆ ನಿಜ ಹೇಳಿ. ನಿದ್ದೆಗೆ ವೈದ್ಯರನ್ನೂ ನೋಡಿ.

ಆರು ವಾರದ ಮೇಲೆ ಬಂದರು. ಶಿಷ್ಯೆಯ ಮುಂದೆ ನುಡಿಸಿದ್ದರು. ಒಂದು ಕಡೆ ಸ್ವರ ಜಾರಿತಂತೆ. "ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಹಿಡಿದೆ. ಅವಳು ನನ್ನ ಬೆರಳುಗಳನ್ನೇ ನೋಡ್ತಿದ್ದಳು." ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಸಮಿತಿಯ ಮೊದಲ ಸಭೆ ಮುಂದಿನ ವಾರ.