ಮೇಯರ್ ಅಂದ್ರೆ ಬರೀ ರಿಬ್ಬನ್ ಕಟ್ ಮಾಡೋರಾ?

ನೀವು ಕೇಳಿದ್ದು, ಪವರ್ರೇ ಇಲ್ದೆ ಇದ್ಮೇಲೆ ಮೇಯರ್ ಯಾಕೆ ಬೇಕು ಅಂತ. ನಮ್ಮ ಮೈಸೂರಿಂದೇ ಹೇಳ್ತೀನಿ, ನಂಗೆ ಗೊತ್ತಿರೋದು ಅದೇ.

ಕಾಗದದ ಮೇಲೆ ನೋಡಿದ್ರೆ ನಿಮ್ ಮಾತು ಮುಕ್ಕಾಲು ಸರಿ. ಫೈಲು, ಬಿಲ್ಲು, ಸಿಬ್ಬಂದಿ ಎಲ್ಲಾ ಕಮಿಷನರ್ ಕೈಲಿ. 65 ವಾರ್ಡಿನ ಕಾರ್ಪೊರೇಟರ್‌ಗಳ ಜೊತೆ ಎಂಎಲ್ಎ, ಎಂಪಿಗಳೂ ಓಟ್ ಹಾಕಿ ಮೇಯರ್‌ನ ಆರಿಸ್ತಾರೆ, ಅದೂ ಆ ಸಲ ಮೀಸಲಾತಿ ಯಾರಿಗೆ ಬಂದಿದ್ಯೋ ಅವ್ರನ್ನ, ಅವಧಿ ನೋಡಿದ್ರೆ ಒಂದೇ ವರ್ಷ. ಕೌನ್ಸಿಲ್ ಸಭೇಲಿ ಮಾತ್ರ 'ಪೂಜ್ಯ ಮಹಾಪೌರರೇ' ಅಂತ ಕರ್ದೇ ಜಗಳ ಶುರು ಮಾಡ್ಬೇಕು, ಅದೊಂದು ಮಜಾ.

ಆದ್ರೆ ಜಂಬೂಸವಾರಿ ದಿನ ನೋಡ್ಬೇಕು ನೀವು. ಅರಮನೆ ಅಂಗಳದಲ್ಲಿ ಸಿಎಂ ಜೊತೆ ನಿಂತು ಅಂಬಾರೀಲಿರೋ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಮಾಡೋದ್ರಲ್ಲಿ ಮೇಯರೂ ಒಬ್ರು, ಆಮೇಲೆ ಮೈಸೂರು ಪೇಟ ಕಟ್ಕೊಂಡು ಕುದುರೆ ಮೇಲೆ ಮೆರವಣಿಗೇಲಿ ಬರ್ತಾರೆ. ಹುಟ್ಟಿದಾಗಿಂದ ಸ್ಕೂಟರ್ ಬಿಟ್ಟು ಬೇರೇನೂ ಹತ್ತಿಲ್ದೋರೂ ದಸರಾ ಹತ್ರ ಬಂತು ಅಂದ್ರೆ ಕುದುರೆ ಪೊಲೀಸ್ನೋರ ಹತ್ರ ಸವಾರಿ ಕಲೀಬೇಕು, ಹೆಂಗಸ್ರು ಮೇಯರ್ ಆದ್ರೂ ಬಿಡಲ್ಲ.

ನಾನು ಒಂದ್ಸಲ ಆಯುರ್ವೇದ ಆಸ್ಪತ್ರೆ ಸರ್ಕಲ್ ಹತ್ರ ಬೆಳಗ್ಗೇನೇ ಜಾಗ ಹಿಡ್ದು ಕೂತಿದ್ದೆ. ಮೇಯರ್ ಬಂದ್ರು, ಬೆನ್ನು ನೆಟ್ಟಗೆ ಸೆಟೆದಿತ್ತು, ಪಕ್ಕದಲ್ಲಿ ಒಬ್ರು ಪೊಲೀಸ್ ಕುದುರೆ ಹಿಡ್ಕೊಂಡು ನಡೀತಿದ್ರು. ಜನ ಕೂಗಿದಾಗೆಲ್ಲಾ ಒಂದು ಕೈ ಎತ್ತೋದು, ತಕ್ಷಣ ಇಳ್ಸಿ ಜೀನು ಹಿಡ್ಕೊಳೋದು. ನನ್ ಹಿಂದಿದ್ದ ಅಜ್ಜ ಒಬ್ರು 'ಕೈ ಆಮೇಲೆ ಬೀಸಿ ಸ್ವಾಮಿ, ಮೊದ್ಲು ಲಗಾಮು ನೋಡ್ಕಳಿ' ಅಂದ್ರು ನೋಡಿ, ಇಡೀ ಫುಟ್‌ಪಾತು ಗೊಳ್ ಅಂತು, ಮೇಯರೂ ನಕ್ಕುಬಿಟ್ರು. ಸಿಎಂಗೆ ಹಂಗೆ ಅನ್ನೋಕಾಗುತ್ತಾ? ಆ ಸಲಿಗೆಗೇ ಮೇಯರ್ ಬೇಕು ಅನ್ಸುತ್ತೆ ನಂಗೆ.

2023ರ ನವೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗೀತು, ಎಲೆಕ್ಷನ್ ಆಗ್ಲಿಲ್ಲ, 2024ರ ದಸರಾಗೆ ಮೇಯರ್ರೇ ಇಲ್ಲ. ಕಸದ ಗಾಡಿ ಬರ್ತಿತ್ತು, ಕಂದಾಯ ಕಟ್ಟಿಸ್ಕೋತಿದ್ರು, ಆಫೀಸ್ ಕೆಲ್ಸ ಏನೂ ನಿಲ್ಲಲಿಲ್ಲ. ಟಿವೀಲಿ ಜಂಬೂಸವಾರಿ ನೋಡ್ತಾ ನಮ್ಮಮ್ಮ ಮಾತ್ರ 'ಈ ಸಲ ಕುದುರೆ ಮೇಲೆ ಯಾರೋ?' ಅಂತ ಎರಡು ಸಲ ಕೇಳಿದ್ರು.