ಒಂದೆಲಗ, ಅರಿಶಿನ, ಕೊಬ್ಬರಿ ಎಣ್ಣೆಯಿಂದ ಅಲ್ಝೈಮರ್ ಬರದಂತೆ ತಡೆಯಬಹುದಾ?

ಅಜ್ಜಿಗೆ ಅಲ್ಝೈಮರ್ ಇತ್ತು, ಅಮ್ಮನಿಗೆ ಈಗ 57, ಅವರಿಗೂ ಬರಬಾರದು ಅಂದರೆ ಊಟದಲ್ಲಿ ಏನು ಕೊಡಬೇಕು, ಒಂದೆಲಗ, ಅರಿಶಿನ, ಕೊಬ್ಬರಿ ಎಣ್ಣೆ ಕೆಲಸ ಮಾಡುತ್ತಾ ಅಂತ ಕೇಳಿದ್ದೀರಿ. ನಾನು ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್. ಅಪ್ಪ ಅಮ್ಮನನ್ನು ಶುಗರ್, ಬಿಪಿಗೆ ತೋರಿಸಲು ಕರೆತರುವ ಮಕ್ಕಳು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳಿಬಿಡುತ್ತೇನೆ. ಈ ಕಾಯಿಲೆಯನ್ನು ತಡೆಯುತ್ತದೆ ಅಂತ ಸಾಬೀತಾದ ಸೊಪ್ಪು, ಎಣ್ಣೆ, ಮಾತ್ರೆ ಯಾವುದೂ ಇಲ್ಲ. ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ. ಅಲ್ಝೈಮರ್‌ನಲ್ಲಿ ಮರೆವು ಕಾಣಿಸಿಕೊಳ್ಳುವ 15-20 ವರ್ಷ ಮೊದಲೇ ಮಿದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಹಾಗಾಗಿ 57 ಅನ್ನೋದು ಯೋಚನೆ ಮಾಡಲು ಸರಿಯಾದ ವಯಸ್ಸು. ಅಜ್ಜಿಗೆ ಇತ್ತು ಅಂದ ಮಾತ್ರಕ್ಕೆ ಅಮ್ಮನಿಗೂ ಬಂದೇ ಬರುತ್ತೆ ಅಂತೇನಿಲ್ಲ. ಸಾಧ್ಯತೆ ಜಾಸ್ತಿ, ಅಷ್ಟೇ.

2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಒಂದು ವರದಿ ಕೊಟ್ಟಿತು. ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಸರಿಪಡಿಸಿಕೊಂಡರೆ ಪ್ರಪಂಚದ ಡಿಮೆನ್ಶಿಯಾ (ಅಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಪ್ರಕರಣಗಳಲ್ಲಿ ಸುಮಾರು 45%ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅದರ ಅಂದಾಜು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್‌ಡಿಎಲ್, ಬೊಜ್ಜು, ಸಿಗರೇಟು, ಹೆಂಡ, ನಡೆದಾಡದೆ ಕೂರೋದು, ಕಿವಿ ಮಂದ, ಕಣ್ಣು ಮಂದ, ಖಿನ್ನತೆ, ಒಂಟಿತನ ಎಲ್ಲ ಆ ಪಟ್ಟಿಯಲ್ಲಿವೆ. ಆಹಾರ ಅಂತ ಪ್ರತ್ಯೇಕ ಸಾಲೇ ಅಲ್ಲಿಲ್ಲ! ಆದರೆ ಮೊದಲ ನಾಲ್ಕೂ ನೇರವಾಗಿ ತಟ್ಟೆಗೆ ಸಂಬಂಧಪಟ್ಟವು. ನನ್ನ ಉತ್ತರದ ತಿರುಳು ಇಷ್ಟೇ: ಊಟ ಮಿದುಳನ್ನು ಕಾಯೋದು ಮುಖ್ಯವಾಗಿ ರಕ್ತನಾಳಗಳ ಮೂಲಕ. 'ನೆನಪಿನ ಶಕ್ತಿಗೆ' ಅಂತ ಬರೆದ ಡಬ್ಬಿಗಿಂತ ಬಿಪಿ ಯಂತ್ರ ಮನೆಗೆ ಜಾಸ್ತಿ ಉಪಯೋಗ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಒಂದೆಲಗವನ್ನು ನಮ್ಮಲ್ಲಿ ಬ್ರಾಹ್ಮಿ ಅಂತಲೂ ಕರೆಯುತ್ತಾರೆ. ಆದರೆ ಅಂಗಡಿಯ ಬ್ರಾಹ್ಮಿ ಕ್ಯಾಪ್ಸೂಲ್‌ನಲ್ಲಿ ಸಾಮಾನ್ಯವಾಗಿ ಇರೋದು ನೀರುಬ್ರಾಹ್ಮಿ, ಬೇರೆಯೇ ಗಿಡ. ಸಂಶೋಧನೆ ಜಾಸ್ತಿ ನಡೆದಿರೋದು ನೀರುಬ್ರಾಹ್ಮಿಯ ಮೇಲೆ. ಆರೋಗ್ಯವಂತ ಹಿರಿಯರ ಮೇಲೆ ಮಾಡಿದ ಕೆಲವು ಸಣ್ಣ ಪ್ರಯೋಗಗಳಲ್ಲಿ ಪದಗಳನ್ನು ನೆನಪಿಟ್ಟುಕೊಳ್ಳುವುದು ಸ್ವಲ್ಪ ಸುಧಾರಿಸಿದ್ದು ಕಂಡಿದೆ. ಅದು ಅಲ್ಝೈಮರ್ ತಡೆದದ್ದಕ್ಕೆ ಸಾಕ್ಷಿಯಲ್ಲ. ಕೆಲವರಿಗೆ ಅದರಿಂದ ಹೊಟ್ಟೆ ತೊಳೆಸುತ್ತದೆ ಕೂಡ.

ಒಂದೆಲಗದ ತಂಬುಳಿ ಮಾತ್ರ ಧಾರಾಳವಾಗಿ ಮಾಡಿ. ಒಂದು ಹಿಡಿ ಎಲೆ ಚೆನ್ನಾಗಿ ತೊಳೆಯಿರಿ. ಕಾಲುವೆ ಪಕ್ಕದ ಒದ್ದೆ ಮಣ್ಣಿನಲ್ಲಿ ಹಬ್ಬುವ ಬಳ್ಳಿ ಅದು, ಎರಡು ಮೂರು ನೀರು ಬೇಕು. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಎಲೆ ಹಾಕಿ ಬಾಡಿಸಿ, ಸ್ವಲ್ಪ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕದಡಿ. ಉಪ್ಪು ಹಿಡಿದು ಹಾಕಿ. ಊಟಕ್ಕೆ ಒಂದು ಸೊಪ್ಪು ಸೇರಿತು, ನಾನು ಅದನ್ನು ಬರೆದುಕೊಡೋದೂ ಅಷ್ಟಕ್ಕೇ. ಅದೇ ಸೊಪ್ಪಿನ ಮಾತ್ರೆಯನ್ನು ವಾರಗಟ್ಟಲೆ ನುಂಗಿದ ಕೆಲವರಿಗೆ ಲಿವರ್ ತೊಂದರೆಯಾದ ವರದಿಗಳಿವೆ.

ಅರಿಶಿನದ ಕಥೆಯೂ ಹೆಚ್ಚು ಕಡಿಮೆ ಹೀಗೇ. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಅಲ್ಝೈಮರ್ ಕಡಿಮೆ ಅಂತ ಒಂದು ಅಧ್ಯಯನ ಹೇಳಿತ್ತು. ಅದನ್ನೇ ಹಿಡಿದುಕೊಂಡು ಎಲ್ಲವೂ ಅರಿಶಿನದ ಮಹಿಮೆ ಅಂದವರು ತುಂಬಾ ಜನ. ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರೋದೇ ಬಹಳ ಕಮ್ಮಿ. ಹೀರಿಕೆ ಜಾಸ್ತಿಯಾಗಲಿ ಅಂತ ಮೆಣಸಿನ ಸಾರ ಸೇರಿಸಿ ಮಾಡುವ ಗಟ್ಟಿ ಕ್ಯಾಪ್ಸೂಲ್‌ಗಳಿಂದಲೂ ಲಿವರ್ ಕೆಟ್ಟ ಉದಾಹರಣೆಗಳಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಯಾರ ಅಡ್ಡಿಯೂ ಇಲ್ಲ.

ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90% ಸ್ಯಾಚುರೇಟೆಡ್ ಕೊಬ್ಬು. ಅದು ಎಲ್‌ಡಿಎಲ್ ಏರಿಸುತ್ತದೆ, ಎಲ್‌ಡಿಎಲ್ ಆ 14ರಲ್ಲಿ ಒಂದು. ಕರಾವಳಿಯವರು ಒಗ್ಗರಣೆಗೆ ಬಳಸೋದು ಬೇರೆ ಮಾತು. ಬೆಳಿಗ್ಗೆ ಎದ್ದು ಎರಡು ಚಮಚ ಔಷಧಿಯಂತೆ ಕುಡಿಸಬೇಡಿ. ಗಿಂಕ್ಗೊ ಅನ್ನೋ ಮರದ ಎಲೆಯ ಸಾರದ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಅಮೆರಿಕದಲ್ಲಿ 3,069 ಹಿರಿಯರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ, 2008ರಲ್ಲಿ ಪ್ರಯೋಜನವಿಲ್ಲ ಅಂತ ತೀರ್ಮಾನವಾಯಿತು.

ಮೈಂಡ್ ಡಯಟ್ ಅಂತ ನೀವು ಓದಿರಬಹುದು. ಸೊಪ್ಪು, ಕಾಳು, ಬೀಜ, ಬೆರಿ, ಮೀನು ಜಾಸ್ತಿ, ಬೆಣ್ಣೆ, ಸಿಹಿ, ಕರಿದದ್ದು ಕಮ್ಮಿ. 2015ರಲ್ಲಿ ಶಿಕಾಗೋದ ರಶ್ ವಿಶ್ವವಿದ್ಯಾಲಯದವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದವರಲ್ಲಿ ಅಲ್ಝೈಮರ್ ಅಪಾಯ 53% ಕಡಿಮೆ ಕಂಡಿತು ಅಂದಾಗ ದೊಡ್ಡ ಸುದ್ದಿ. ಆಮೇಲೆ ನಿಮ್ಮ ತಾಯಿಯ ಹಾಗೆ ಮನೆಯಲ್ಲಿ ಡಿಮೆನ್ಶಿಯಾ ಇದ್ದ 604 ಜನರನ್ನು ಎರಡು ಗುಂಪು ಮಾಡಿ 3 ವರ್ಷ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಮೈಂಡ್ ಡಯಟ್ ಮಾಡಿದವರಿಗೂ, ಮಾಮೂಲಿ ಊಟವನ್ನೇ ಸ್ವಲ್ಪ ಕಡಿಮೆ ಮಾಡಿದವರಿಗೂ ನೆನಪಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದಕ್ಕಿಂತ ನನಗೆ ನಂಬಿಕೆ ಫಿನ್ಲೆಂಡಿನ ಫಿಂಗರ್ ಪ್ರಯೋಗದ ಮೇಲೆ. 60 ದಾಟಿದ 1,260 ಜನ, 2 ವರ್ಷ. ಊಟ, ವ್ಯಾಯಾಮ, ಮಿದುಳಿಗೆ ಕೆಲಸ, ಬಿಪಿ-ಶುಗರ್ ಮೇಲೆ ನಿಗಾ, ನಾಲ್ಕನ್ನೂ ಅವರಲ್ಲಿ ಅರ್ಧ ಜನರಿಗೆ ಒಟ್ಟಿಗೆ ಮಾಡಿಸಿದರು. ಅವರ ಚುರುಕು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಸುಧಾರಿಸಿತು.

ಹಾಗಾದರೆ ಅಮ್ಮನ ತಟ್ಟೆ ಹೇಗಿರಬೇಕು? ನಮ್ಮ ಅಡುಗೆಯೇ ಸಾಕು, ಅಳತೆ ಬದಲಾಗಬೇಕು. ಅನ್ನದ ಗುಡ್ಡ ಅರ್ಧಕ್ಕೆ ಇಳಿಯಲಿ, ಆ ಜಾಗಕ್ಕೆ ಪಲ್ಯ, ಬಸ್ಸಾರಿನ ಸೊಪ್ಪು, ಉಸಲಿ ಬರಲಿ. ರಾಗಿ ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ ಅನ್ನೋದು ಸುಳ್ಳು. ರಾಗಿಯಾದರೂ ಹಿಟ್ಟು ಹಿಟ್ಟೇ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇದ್ದ ಮನೆಯಲ್ಲಿ ಅದು ಮಧ್ಯಾಹ್ನದೊಳಗೇ ಮುಗಿದಿರುತ್ತದೆ. ಮೀನು ತಿನ್ನುವವರಾದರೆ ಬಂಗಡೆ, ಬೂತಾಯಿ ಒಳ್ಳೆಯದು, ಹುರಿಯದೆ ಸಾರು ಮಾಡಿ. ಸಸ್ಯಾಹಾರಿಗಳಿಗೆ ಅಗಸೆ ಚಟ್ನಿಪುಡಿ ಇದೆ, ಒಂದು ಹಿಡಿ ಕಡಲೆಬೀಜ ಇದೆ. ಬ್ಲೂಬೆರಿ ಹುಡುಕಿಕೊಂಡು ಮಾಲ್‌ಗೆ ಹೋಗಬೇಡಿ.

ಇಷ್ಟು ಹೇಳಿ ಬಿ12 ಬಿಟ್ಟರೆ ಆಗಲ್ಲ. ನಮ್ಮಲ್ಲಿಗೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಪೂರ್ತಿ ಸಸ್ಯಾಹಾರಿ, ಶುಗರ್‌ಗೆ ಮೆಟ್‌ಫಾರ್ಮಿನ್ ತುಂಬಾ ಕಾಲದಿಂದ. ಹಾಲಿನವನಿಗೆ ಒಂದೇ ತಿಂಗಳ ದುಡ್ಡನ್ನು ಎರಡು ಸಲ ಕೊಡುತ್ತಿದ್ದರು, ಕಾಲು ಜೋಮು ಹಿಡಿಯುತ್ತಿತ್ತು. ಮಗಳು ಅಲ್ಝೈಮರ್ ಅಂತಲೇ ಹೆದರಿ ಬ್ರಾಹ್ಮಿ ಕ್ಯಾಪ್ಸೂಲ್ ಶುರು ಮಾಡಿದ್ದರು. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕೆಳಗಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆಲವೇ ತಿಂಗಳಲ್ಲಿ ಮೇಷ್ಟ್ರ ಲೆಕ್ಕಪತ್ರ ಸರಿಹೋಯಿತು. ಎಲ್ಲರ ಮರೆವೂ ಹೀಗೆ ವಾಪಸ್ ಹೋಗಲ್ಲ. ಆದರೆ ಬಿ12 ಸೊಪ್ಪು ಕಾಳಿನಲ್ಲಿ ಸಿಗಲ್ಲ, ಮೆಟ್‌ಫಾರ್ಮಿನ್ ಅದನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ನಿಮ್ಮ ತಾಯಿಗೆ ಬಿ12, ಥೈರಾಯ್ಡ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್ ಪರೀಕ್ಷೆ ಒಮ್ಮೆ ಮಾಡಿಸಿ, ಬಿಪಿ ನೋಡಿಸಿ. ಟಿವಿ ಸೌಂಡು ಜಾಸ್ತಿ ಇಡುತ್ತಿದ್ದಾರಾ? ಕಿವಿಯನ್ನೂ ಪರೀಕ್ಷೆ ಮಾಡಿಸಿ.

ಮರೆವು ಈಗಲೇ ಇದ್ದರೆ ಊಟ ಬದಲಿಸುತ್ತಾ ಕಾಯಬೇಡಿ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದು ಎಲ್ಲರಿಗೂ ಇದ್ದದ್ದೇ. ದಿನಾ ಮಾಡುವ ಹುಳಿಯ ಕ್ರಮ ತಪ್ಪೋದು, ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪೋದು, ಕೇಳಿದ್ದನ್ನೇ ಹತ್ತು ನಿಮಿಷಕ್ಕೆ ಮತ್ತೆ ಕೇಳೋದು ಕಂಡರೆ ನರರೋಗ ತಜ್ಞರಿಗೆ ತೋರಿಸಿ. ಬೆಂಗಳೂರಿಗೆ ಹತ್ತಿರದವರಿಗೆ ನಿಮ್ಹಾನ್ಸ್ ಇದೆ. ಹೋಗುವಾಗ ಅಮ್ಮ ನುಂಗುವ ಎಲ್ಲವನ್ನೂ, ಆಯುರ್ವೇದದ ಡಬ್ಬಿಗಳೂ ಸೇರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿದ್ದೆ ಮಾತ್ರೆ, ಅಲರ್ಜಿಗೆ ಕೊಡುವ ಕೆಲವು ಹಳೇ ಮಾತ್ರೆಗಳಿಂದಲೂ ಮರೆವು ಬರುತ್ತದೆ. ಅದನ್ನು ಡಾಕ್ಟರು ಚೀಲ ನೋಡಿಯೇ ಹೇಳಬೇಕು.